ಸೊನ್ನೆ, ಕೆಳಗೆ ಎರಡು ಗೆರೆ

ಹಳೇ ಅಂಗಡಿಯ ಮೆಟ್ಟಿಲ ಮೇಲಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕಾ,

ಮಂಡಿ ನೋವು ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ಅದು ಕವರಿನ ಸಮೇತ ಕಪಾಟಿನಲ್ಲಿ ಭದ್ರವಾಗಿದೆಯೋ? ಹೊಸದನ್ನು ಹಾಳಾಗದ ಹಾಗೆ ಎತ್ತಿಟ್ಟು ಹಳೆಯದರಲ್ಲೇ ನರಳುವವಳು ನೀನು, ನನಗೇನು ಗೊತ್ತಿಲ್ಲದ್ದೇ. ರಾತ್ರಿ ನಿದ್ದೆ ಬರುತ್ತಿದೆಯಾ? ಪಕ್ಕದ ಮನೆಯ ನರ್ಸಮ್ಮ ಬಂದು ಬಿ.ಪಿ. ನೋಡಿ ಹೋಗುತ್ತಾಳೆ ಅಂತ ನೀನು ಬರೆದಿದ್ದೆ, ಅವಳಿಗೆ ನನ್ನ ಪರವಾಗಿ ಒಂದು ಥ್ಯಾಂಕ್ಸ್ ಹೇಳು. ನಾನು ಚೆನ್ನಾಗಿದ್ದೇನೆ. ಬಣ್ಣದ ವಾಸನೆಗೆ ತಲೆ ಸಿಡಿಯುತ್ತದೆ, ಗೋಡೆಗೆ ಕಟ್ಟಿದ ಸಾರುವೆ ಹತ್ತಿ ಇಳಿದು ಸೊಂಟ ಹಿಡಿದುಕೊಂಡಿದೆ. ನಲವತ್ತೊಂದಕ್ಕೇ ಮುದುಕನ ಹಾಗೆ ಆಡ್ತೀಯ ಅಂತ ಬೈಯಬೇಡ.

ಹದಿನಾಲ್ಕು ವರ್ಷದ ಮೇಲೆ ಈ ಬೀದಿಗೆ ಕಾಲಿಡುತ್ತೇನೆ, ಭಾನುವಾರ ಬೆಳಿಗ್ಗೆ ಆರರ ಬಸ್ಸಿಗೆ ಹೊರಡುತ್ತೇನೆ ಅಂತ ನೀನು ಬರೆದ ಕಾಗದವನ್ನು ಜೇಬಿನಲ್ಲಿ ಇಟ್ಟುಕೊಂಡೇ ಸಾರುವೆ ಹತ್ತುತ್ತಿದ್ದೇನೆ. ಅದರ ಒಂದು ಮೂಲೆಗೆ ನೀಲಿ ಮೆತ್ತಿಕೊಂಡಿದೆ. ನೀನು ಬರಬೇಕು. ಈಗ ನನಗಿರುವ ಆಸೆ ಅಂದರೆ ಅದೊಂದೇ. ಆದರೆ ಈ ಕಾಗದ ಕೊನೆಯವರೆಗೂ ಓದದೆ ಬ್ಯಾಗು ತುಂಬಬೇಡ, ಓದಿದ ಮೇಲೂ ಬರಬೇಕು ಅನ್ನಿಸಿದರೆ ಬಾ. ಫೋನ್ ಮಾಡಬಹುದಿತ್ತು. ಮಾಡಲಿಲ್ಲ, ಯಾಕೆಂದರೆ ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನಾನು ತುಂಬ ಒಳ್ಳೆಯವನಾಗಿಬಿಡುತ್ತೇನೆ. ಮೂರು ಸಲ ನಂಬರು ಒತ್ತಿ ಮೂರು ಸಲವೂ ಊಟ ಆಯ್ತಾ ಅಂತ ಕೇಳಿ ಇಟ್ಟವನು ನಾನೇ. ನಿನಗೂ ಅನುಮಾನ ಬಂದಿರಬೇಕು, ಇವನೇನು ಒಂದೇ ದಿನ ಮೂರು ಸಲ ಊಟ ವಿಚಾರಿಸುತ್ತಾನೆ ಅಂತ.

ಮೊದಲು ಕೆಲಸದ ಮಾತು ಮುಗಿಸುತ್ತೇನೆ. ಭಾವನ ಚಿತ್ರ ಮುಕ್ಕಾಲು ಆಗಿದೆ. ಅವರ ಹಳೇ ಅಂಗಡಿಯ ಎದುರಿನ ಗೋದಾಮಿನ ಗೋಡೆ ನಿನಗೆ ನೆನಪಿರಬೇಕು, ಮೂರಂತಸ್ತಿನ ಎತ್ತರ, ಹೆಸರಿಗೊಂದು ಕಿಟಕಿಯೂ ಇಲ್ಲದ ಬೋಳು ಗೋಡೆ. ಬೀದಿಯ ಸಂಘದವರು ಅದರ ಮೇಲೆ ಯಾರ ಚಿತ್ರ ಬರೆಸೋಣ ಅಂತ ಮನೆಮನೆಗೆ ಹೋಗಿ ಕೇಳಿದಾಗ ಜನ ಮಂತ್ರಿಯೂ ಬೇಡ, ಸಿನಿಮಾದವರೂ ಬೇಡ, ನಮ್ಮ ಮಕ್ಕಳ ಸೀಳಿದ ಕೊಳಲು ಹರಿದ ಡ್ರಮ್ಮು ಎಲ್ಲ ಸರಿಮಾಡಿಕೊಡುತ್ತಿದ್ದರಲ್ಲ, ಅವರನ್ನು ಬರೆಸಿ ಅಂದರಂತೆ. ಭಾವ ತಮ್ಮ ಬೆಂಚಿನ ಮೇಲೆ ಕೂತಿದ್ದಾರೆ. ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು, ಮೇಜಿನ ಮೇಲೆ ಅಂಟಿನ ಡಬ್ಬಿ. ರಿಪೇರಿ ಮುಗಿದ ವಾದ್ಯವನ್ನು ಗಿರಾಕಿಗೆ ಕೊಡುವ ಮೊದಲು ಒಂದು ಸಲ ಊದಿ ನೋಡುತ್ತಿದ್ದರಲ್ಲ, ಉಸಿರು ಎಳೆದುಕೊಂಡು ಇನ್ನೂ ಊದದೆ ಇರುವ ಆ ಗಳಿಗೆ. ಕೆನ್ನೆ ಚೆನ್ನಾಗಿ ಬಂದಿದೆ. ಟೈಲರಮ್ಮ ನೋಡಿ, ಥೇಟ್ ಅವರೇ, ಸ್ವಲ್ಪ ದಪ್ಪ ಮಾಡಿದೀಯ ಅಂದರು. ಟೈಲರಮ್ಮನ ವಿಷಯ ಆಮೇಲೆ ಬರೆಯುತ್ತೇನೆ, ಬರೆಯಲೇಬೇಕು.

ಕೈಗಳು ಮಾತ್ರ ಬಾಕಿ. ನೀವು ಇಲ್ಲಿಂದ ಹೋದ ಮೇಲೆ ನೀನು ಬರೆದ ಮೊದಲ ಕಾಗದದಲ್ಲಿ ಒಂದು ಸಾಲಿತ್ತು, ಸಾಮಾನು ಲಾರಿಗೆ ಹಾಕುವ ಅವಸರದಲ್ಲಿ ಟ್ರಂಕಿನ ಕೆಳಗೆ ಸಿಕ್ಕ ಬೆರಳು ಸೊಟ್ಟಗೇ ಕೂಡಿಕೊಂಡಿದೆ, ಕ್ಲಾರಿನೆಟ್ಟಿನ ತೂತು ಮುಚ್ಚೋಕಾಗಲ್ಲ, ಇನ್ನು ನುಡಿಸಲ್ಲವಂತೆ ಅಂತ. ಯಾವ ಬೆರಳು ಅಂತ ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ನಿನ್ನ ಹೊಸ ಮನೆಗೆ ಎರಡು ಸಲ ಬಂದಾಗಲೂ ಭಾವ ಇಲ್ಲದ ಹೊತ್ತು ನೋಡಿಕೊಂಡೇ ಬಂದಿದ್ದೆ. ಮೂರು ವರ್ಷದ ಹಿಂದೆ ಅವರು ತೀರಿಕೊಂಡ ದಿನ ಬಂದಾಗ ಕುತ್ತಿಗೆಯವರೆಗೂ ಹೊದಿಸಿದ್ದರು. ಮುಖ ನೋಡಿ ಹೊರಗೆ ಬಂದುಬಿಟ್ಟೆ. ಕೈ ನೋಡಬಹುದಾಗಿತ್ತು, ಧೈರ್ಯ ಬರಲಿಲ್ಲ. ಈಗ ಸಂಘದ ಅಧ್ಯಕ್ಷರು ನೆಟ್ಟಗಿನ ಬೆರಳೇ ಬರಿಯಯ್ಯ, ಯಾರು ಹತ್ತಿ ನೋಡ್ತಾರೆ ಅನ್ನುತ್ತಿದ್ದಾರೆ. ಅವರು ಹಾರ್ಡ್‌ವೇರ್ ಅಂಗಡಿಯವರು, ಅವರಿಗೆ ಸೊಟ್ಟಗಿನದೆಲ್ಲ ವಾಪಸ್ ಕಳಿಸುವ ಮಾಲು. ಆಗಲ್ಲ ಅಂದೆ. ಯಾಕೆ ಅಂದರು, ಕುಂಚ ತೊಳೆಯೋಕೆ ಹೋದೆ. ನಿನಗೆ ಹೇಳುತ್ತೇನೆ, ಸ್ವಲ್ಪ ತಾಳು.

ಹೋದ ಬುಧವಾರ ಇಲ್ಲೊಂದು ಅನಾಹುತವಾಯಿತು. ಅಂಗೈಯಗಲದ ಫೋಟೋವನ್ನು ಇಷ್ಟೆತ್ತರದ ಗೋಡೆಗೆ ಏರಿಸಬೇಕಾದರೆ ಹಳೇ ಕಾಲದ ಹಾಗೆ ದಾರ ಹಿಡಿದು ಚೌಕ ಹಾಕುತ್ತ ಕೂತರೆ ಆಗುವುದಿಲ್ಲ. ಈಗ ನಾವು ಮಾಡುವುದು ಬೇರೆ. ಗೋಡೆಯ ತುಂಬ ಕೈಗೆ ಬಂದದ್ದನ್ನು ಗೀಚುತ್ತೇವೆ. ಅಂಕಿ, ಕೊಕ್ಕೆ, ಮೀನು, ಚಪ್ಪಲಿ, ಏನು ಬೇಕಾದರೂ. ಆಮೇಲೆ ಗೋಡೆಯ ಫೋಟೋ ತೆಗೆದು ಅದರ ಮೇಲೆ ಚಿತ್ರವನ್ನು ಫೋನಿನಲ್ಲೇ ಕೂರಿಸಿಕೊಂಡು, ಮೂಗು ಈ ಮೀನಿನ ಮೇಲೆ, ಕಿವಿ ಆ ಏಳರ ಪಕ್ಕದಲ್ಲಿ ಅಂತ ಗುರುತು ಹಿಡಿದು ಬರೆಯುತ್ತ ಹೋಗುವುದು. ಇರುವುದು ಒಂದೇ ಕಟ್ಟಳೆ, ಒಂದು ಗೀಚು ಇನ್ನೊಂದರ ಹಾಗೆ ಇರಬಾರದು. ಇದು ಕೇಳೋಕೆ ಸುಲಭ. ನೂರು ನೂರೈವತ್ತು ಹಾಕುವಷ್ಟರಲ್ಲಿ ತಲೆ ಬರಿದಾಗುತ್ತದೆ, ಆಮೇಲೆ ಕೈ ತನಗೆ ಗೊತ್ತಿರುವುದನ್ನು ತಾನೇ ಹಾಕಿಕೊಂಡು ಹೋಗುತ್ತದೆ. ನನ್ನ ಕೈಗೆ ಏನು ಗೊತ್ತು ಅಂತ ನಿನಗೆ ಹೇಳಬೇಕಾಗಿಲ್ಲ. ಟೈಲರಮ್ಮನ ಬಾಗಿಲಿಗೆ ನೇರ ಎದುರಾಗಿ, ಆಳೆತ್ತರದಲ್ಲಿ, ಒಂದು ಸೊನ್ನೆ, ಕೆಳಗೆ ಎರಡು ಗೆರೆ ಹಾಕಿ, ಕುಂಚ ನೀರಿಗೆ ಅದ್ದಿ ಊಟಕ್ಕೆ ಹೋದೆ. ಹಾಕಿದ್ದು ನನಗೇ ಗೊತ್ತಾಗಲಿಲ್ಲ ಅಂದರೆ ನಂಬುತ್ತೀಯಾ?

ಆ ಗುರುತು ಏನು ಅಂತ ನಮ್ಮ ಬೀದಿಯ ಎಳೆ ಮಕ್ಕಳಿಗೂ ಗೊತ್ತಿತ್ತು. ಬೀದಿ ಆಳುತ್ತಿದ್ದ ದಣಿಗೆ ಬೇಡವಾದವರ ಮನೆಯ ಎದುರಿನ ಗೋಡೆಯ ಮೇಲೆ ಅದು ಬಿತ್ತು ಅಂದರೆ ಆ ಮನೆಯವರಿಗೆ ಏಳು ದಿನ. ಅಷ್ಟರೊಳಗೆ ಊರು ಬಿಟ್ಟರೆ ಯಾರೂ ಬೆನ್ನು ಹತ್ತುವುದಿಲ್ಲ. ಬಿಡದಿದ್ದರೆ ಎಂಟನೇ ದಿನ ದಣಿಯ ಹುಡುಗರು ಬರುತ್ತಾರೆ. ನಮ್ಮ ದಣಿಗೆ ಗಲಾಟೆ ಆಗದು, ಜನ ತಾವಾಗೇ ಹೋದರು ಅನ್ನಿಸಬೇಕು. ಇಪ್ಪತ್ತನೇ ವಯಸ್ಸಿನಿಂದ ಎಂಟು ವರ್ಷ ಅದನ್ನು ಹಾಕುತ್ತಿದ್ದವನು ನಾನೊಬ್ಬನೇ. ಗುಂಪಿನಲ್ಲಿ ನನ್ನನ್ನು ಕರೆಯುತ್ತಿದ್ದದ್ದೇ ಸುಣ್ಣ ಅಂತ. ಮನೆಗೆ ಬಂದರೆ ನೀನು ನನ್ನ ಉಗುರಿನ ಸಂದಿ ನೋಡಿ, ಏನೂ ಕೇಳದೆ, ಬಚ್ಚಲು ತೋರಿಸುತ್ತಿದ್ದೆ. ಈಗ ದಣಿ ಸತ್ತು ಒಂಬತ್ತು ವರ್ಷವಾಯಿತು. ಹುಡುಗರಲ್ಲಿ ಇಬ್ಬರು ಇನ್ನೂ ಒಳಗಿದ್ದಾರೆ, ಒಬ್ಬ ಹಾಲಿನ ವ್ಯಾನು ಓಡಿಸುತ್ತಾನೆ, ಸಿಕ್ಕಿದರೆ ಹಲ್ಲು ಕಿರಿದು ಹಾರನ್ ಹೊಡೆಯುತ್ತಾನೆ. ಎಲ್ಲ ಮುಗಿದ ಕಥೆ ಅಂತ ನಾನು ಅಂದುಕೊಂಡಿದ್ದೆ. ನಾನು ಅಂದುಕೊಂಡರೆ ಆಯಿತೇ?

ಊಟ ಮುಗಿಸಿ ಬಂದರೆ ಟೈಲರಮ್ಮನ ಬಾಗಿಲಿಗೆ ಬೀಗ. ಗಂಡ ತೀರಿಕೊಂಡ ದಿನವನ್ನು ಬಿಟ್ಟರೆ ಹಗಲು ಹೊತ್ತು ಆ ಬಾಗಿಲಿಗೆ ಬೀಗ ಬಿದ್ದದ್ದನ್ನು ನಾನು ಕಂಡಿಲ್ಲ. ಕಿಟಕಿಯಿಂದ ಇಣುಕಿದೆ. ಹೊಲಿಗೆ ಮಿಷನ್ನಿನ ಮೇಜಿದೆ, ಮಿಷನ್ನು ಇಲ್ಲ. ನೆಲದ ಮೇಲೆ ಯಾರದೋ ರವಿಕೆಯ ಒಂದು ತೋಳು ಬಿದ್ದಿದೆ. ಏನಾಯಿತು ಅಂತ ತಿರುಗಿದೆ, ಎದುರಿಗೆ ಅದಿತ್ತು. ಅಕ್ಕಾ, ಎಂಟು ವರ್ಷ ಹಾಕಿದ್ದೇನೆ, ಒಂದು ಸಲವೂ ಈ ಕಡೆ ಬಾಗಿಲಲ್ಲಿ ನಿಂತು ನೋಡಿರಲಿಲ್ಲ. ಗೋಡೆಯ ತುಂಬ ಮೀನು, ಚಪ್ಪಲಿ, ಅಂಕಿ ಇದ್ದವು, ಒಂದೂ ಕಾಣಲಿಲ್ಲ, ಅದೊಂದೇ ಕಂಡಿತು. ಬಣ್ಣದ ಕೈಯಲ್ಲೇ ಬಸ್ ಸ್ಟಾಂಡಿಗೆ ಓಡಿದೆ.

ಕೊನೆಯ ಬೆಂಚಿನಲ್ಲಿ ಕೂತಿದ್ದರು. ಮಿಷನ್ನಿನ ತಲೆಯನ್ನು ಬಿಚ್ಚಿ, ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಎರಡು ಕೈಯಲ್ಲೂ ತಬ್ಬಿ ಹಿಡಿದಿದ್ದರು. ಒಂದು ಕಾಲಿನಲ್ಲಿ ತಮ್ಮ ಚಪ್ಪಲಿ, ಇನ್ನೊಂದರಲ್ಲಿ ಗಂಡನ ಹಳೇ ಚಪ್ಪಲಿ. ನನ್ನನ್ನು ನೋಡಿದ ಕೂಡಲೇ ಎದ್ದು ನಿಂತರು. ಎಪ್ಪತ್ತು ವರ್ಷದ ಹೆಂಗಸು, ನನಗೆ ಶಾಲೆಯ ಚಡ್ಡಿ ಹೊಲಿದುಕೊಟ್ಟವರು, ನನ್ನ ಮುಂದೆ ಕೈಮುಗಿದು, "ಹೋಗ್ತಾ ಇದೀನಿ ಕಣಪ್ಪ. ಇವತ್ತೇ ಅಲ್ವಾ ಹಾಕಿದ್ದು, ಏಳು ದಿನ ಇನ್ನೂ ಆಗಿಲ್ಲ" ಅಂದರು. ಅವರನ್ನು ಹಿಡಿದು ಬೆಂಚಿನ ಮೇಲೆ ಕೂರಿಸಿದೆ. ಆಮೇಲೆ ಏನೇನೋ ಬಡಬಡಿಸಿದೆ. ಫೋನು ತೆಗೆದು ತೋರಿಸಿದೆ, ಇದು ಮೀನು, ಇದು ಚಪ್ಪಲಿ, ನೀವು ನೋಡಿದ್ದು ಇದು, ಇಲ್ಲಿ ಭಾವನ ಮೊಣಕೈ ಬರುತ್ತೆ ಅಂತ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಅವರ ಬಸ್ಸು ಬಂತು, ಹೋಯಿತು. ಕೊನೆಗೆ, "ಗೊತ್ತಿಲ್ದೆ ಹಾಕ್ದೆ ಅಂತೀಯ. ನಿನ್ನ ಕೈಗೇ ಮರೆತಿಲ್ಲ ಅಂದ್ಮೇಲೆ ನಮಗೆ ಹೇಗಪ್ಪ ಮರೆಯತ್ತೆ" ಅಂದರು. ಅದನ್ನೂ ಮೆತ್ತಗೇ ಅಂದರು. ಕಪಾಳಕ್ಕೆ ಎರಡು ಬಿಟ್ಟಿದ್ದರೆ ನಾನು ಆರಾಮವಾಗಿ ಇರುತ್ತಿದ್ದೆ.

ಮಿಷನ್ನನ್ನು ಹೊತ್ತುಕೊಂಡು ಅವರನ್ನು ಮನೆಗೆ ಕರೆತಂದೆ. ಗೋಡೆಯ ಗುರುತನ್ನು ಮೊದಲು ಉಜ್ಜಿ ತೊಳೆದೆ, ಅವರು ಬಾಗಿಲಲ್ಲಿ ನಿಂತು ಪೂರ್ತಿ ಹೋಗುವವರೆಗೂ ನೋಡಿದರು. ಒಳಗೆ ಮಿಷನ್ನು ಮೇಜಿಗೆ ಕೂರಿಸಿ ಸ್ಕ್ರೂ ತಿರುಗಿಸುತ್ತಿರುವಾಗ ನಿನ್ನ ಮಾತು ತೆಗೆದರು. ನಿಮ್ಮಕ್ಕನೂ ಹೀಗೇ ಹೋದ್ಲು, ಒಲೆ ಆರಿಸೋದೂ ಮರೆತಿದ್ಲು, ನಾನೇ ಹೋಗಿ ಆರಿಸ್ದೆ ಅಂದರು. ಲಾರಿ ಹೊರಡುವ ಮುಂಚೆ ಭಾವ ಬಂದು ಕ್ಲಾರಿನೆಟ್ಟಿನ ಪೆಟ್ಟಿಗೆ ಇಟ್ಟರಂತೆ, ಅವನು ಬಂದ್ರೆ ಕೊಡಿ ಅಂದರಂತೆ. ಪೆಟ್ಟಿಗೆಯ ಹಿಡಿಯೆಲ್ಲ ರಕ್ತವಾಗಿತ್ತಂತೆ, ಟೈಲರಮ್ಮ ಯಾರದೋ ಅಂಗಿಯ ಬಟ್ಟೆ ಹರಿದು ಇಡೀ ಪಂಜವನ್ನೇ ಸುತ್ತಿ ಕಟ್ಟಿದರಂತೆ. ಯಾವ ಬೆರಳು ಅಂತ ಅವರಿಗೂ ನೆನಪಿಲ್ಲ. ಆ ಪೆಟ್ಟಿಗೆ ನನಗೆ ಸಿಕ್ಕಿದ್ದು ನಾಲ್ಕು ವರ್ಷದ ಮೇಲೆ, ಬೇರೊಂದು ಕೇಸಿನಲ್ಲಿ ಒಳಗೆ ಹೋಗಿದ್ದ ನಾನು ಜೈಲಿನಿಂದ ಹೊರಗೆ ಬಂದಾಗ. ಎಡಚನಿಗೆ ಕ್ಲಾರಿನೆಟ್ಟು ಒಲಿಯಲ್ಲ ಅಂತ ನೀನು ಆಡಿಕೊಳ್ಳುತ್ತಿದ್ದೆ. ಭಾವ ಮಾತ್ರ, ಒಲಿಯತ್ತೆ, ಅವನು ಅದರ ಜೊತೆ ಸ್ವಲ್ಪ ಹೊತ್ತು ಕೂರಬೇಕು ಅಷ್ಟೇ ಅನ್ನುತ್ತಿದ್ದರು. ಕೂತೆ. ಒಲಿಯಿತು. ಅವರಿಗೆ ಒಂದು ದಿನವೂ ಕೇಳಿಸಲಿಲ್ಲ.

ಈಚೆಗೆ ಪೇಪರಿನಲ್ಲಿ ಬಂದದ್ದನ್ನು ಕತ್ತರಿಸಿ ಫ್ರೇಮು ಹಾಕಿಸಿದ್ದೀಯಂತೆ, ನರ್ಸಮ್ಮನಿಗೆ ತೋರಿಸಿದೆಯಂತೆ. ನಮ್ಮ ನಾಲ್ಕು ಜನರ ವಾದ್ಯಗೋಷ್ಠಿಯ ಫೋಟೋ, ನನ್ನ ಗೋಡೆ ಚಿತ್ರಗಳ ಫೋಟೋ, ಮೇಲೆ ದಪ್ಪ ಅಕ್ಷರದಲ್ಲಿ "ಚಾಕು ಬಿಟ್ಟು ಕುಂಚ ಹಿಡಿದ ಕಲಾವಿದ". ಅದನ್ನು ಗೋಡೆಯಿಂದ ತೆಗೆ ಅಕ್ಕಾ. ನಾನು ಚಾಕು ಹಿಡಿದವನೇ ಅಲ್ಲ. ಆಗಲೂ ಕುಂಚವನ್ನೇ ಹಿಡಿದಿದ್ದೆ, ಈಗಲೂ ಹಿಡಿದಿದ್ದೇನೆ. ನನ್ನನ್ನು ಸಂದರ್ಶನ ಮಾಡಲು ಬಂದ ಹುಡುಗಿಗೆ ಇದನ್ನು ಹೇಳಿದೆ, ಅವಳು ಎಷ್ಟು ವಿನಯ ಸಾರ್ ನಿಮಗೆ ಅಂದಳು. ನನಗೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು ಅನ್ನಿಸಿತು, ಕುಂಬಳಕಾಯಿ ಕಳ್ಳನ ಹಾಗೆ.

ಸೈಕಲ್ ಅಂಗಡಿಯವನನ್ನು ಹುಡುಗರು ಹೊಡೆದು ಕಾಲು ಮುರಿದ ಕೇಸು ನಿನಗೆ ಮರೆತಿರುವುದಿಲ್ಲ. ಭಾವ ಆ ಹೊತ್ತಿಗೆ ಆ ದಾರಿಯಲ್ಲಿ ಬರುತ್ತಿದ್ದರು, ಕಂಡದ್ದನ್ನು ಕೋರ್ಟಿನಲ್ಲಿ ಹೇಳುವವರಿದ್ದರು. ಅದಕ್ಕೇ ದಣಿ ನಿಮ್ಮ ಎದುರಿಗೆ ಗುರುತು ಹಾಕಿಸಿದ ಅಂತ ಬೀದಿಯೆಲ್ಲ ಹೇಳಿತು, ನೀನೂ ಅದನ್ನೇ ನಂಬಿದೆ. ನಾನು ಹೊಸ ಮನೆಗೆ ಮೊದಲ ಸಲ ಬಂದಾಗ ನೀನು ನನ್ನ ಗದ್ದ ಹಿಡಿದೆತ್ತಿ, "ನಿನ್ನ ಕೈಯಲ್ಲೇ ಹಾಕಿಸಿದ್ರೇನೋ?" ಅಂತ ಕೇಳಿದ್ದೆ. ಆ ವಾರ ನಾನು ಊರಲ್ಲೇ ಇರಲಿಲ್ಲ, ಬೇರೆ ಯಾರೋ ಹಾಕಿದ್ದಾರೆ ಅಂದೆ. ನೀನು ಕಣ್ಣು ಮುಚ್ಚಿ, ಅಷ್ಟು ಸಾಕು ಕಣೋ ಅಂದು, ತಟ್ಟೆ ಹಾಕಿದೆ. ಆ ಊಟವನ್ನು ನಾನು ಉಂಡೆ. ಇವತ್ತಿಗೂ ನುಂಗಿದ್ದೇನೆ ಅಂತ ಅನ್ನಿಸಿಲ್ಲ.

ಗೋಡೆ ಮುಗಿದ ದಿನ ಅದರ ಮುಂದೆ ನಿಂತು ನುಡಿಸುವುದು ನನ್ನ ಪದ್ಧತಿ, ನಿನಗೆ ಗೊತ್ತು. ಭಾನುವಾರ ಸಂಜೆ ನೀನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿರುತ್ತೀಯ, ನಾನು ಭಾವನ ವಾದ್ಯವನ್ನು ಭಾವನ ಮುಂದೆ ನುಡಿಸುತ್ತೇನೆ ಅಂತ ಎರಡು ತಿಂಗಳಿಂದ ಕನಸು ಕಾಣುತ್ತಿದ್ದೆ. ಬುಧವಾರದಿಂದ ಪೆಟ್ಟಿಗೆ ತೆಗೆದೇ ಇಲ್ಲ. ನಿನ್ನನ್ನು ಆ ಗೋಡೆಯ ಮುಂದೆ ಏನೂ ತಿಳಿಯದವಳ ಹಾಗೆ ಕೂರಿಸಿ, ನಿನ್ನ ಕಣ್ಣೀರು ನೋಡಿ ಜನ ನನಗೆ ಚಪ್ಪಾಳೆ ತಟ್ಟುವುದು ನನ್ನಿಂದ ಆಗುವ ಕೆಲಸವಲ್ಲ.

ಟೈಲರಮ್ಮ ನಿನ್ನನ್ನು ತುಂಬ ಕೇಳಿದರು. ನಿನ್ನ ಅಳತೆಯ ರವಿಕೆ ಇನ್ನೂ ಅವರ ಬಳಿಯೇ ಇದೆಯಂತೆ. ಬಿಸಿಲು ಹೊತ್ತಿನಲ್ಲಿ ಹೊರಗೆ ಓಡಾಡಬೇಡ, ಮಾತ್ರೆ ತಪ್ಪಿಸಬೇಡ, ಪಟ್ಟಿ ಕಟ್ಟಿಕೋ. ನಿನ್ನ ಮಂಡಿಗೂ, ಅದರ ಕೆಳಗಿನ ಪಾದಕ್ಕೂ ಇಲ್ಲಿಂದಲೇ ತಲೆ ಮುಟ್ಟಿಸುತ್ತೇನೆ.

ನಿನ್ನ
ಪುಟ್ಟ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಇಷ್ಟುದ್ದ ಬರೆದರೂ ಹೇಳಬೇಕಾದದ್ದು ಹೇಳಿಲ್ಲ. ಅಂಚೆಯವನು ಡಬ್ಬಿ ತೆಗೆಯಲು ಇನ್ನು ಕಾಲು ಗಂಟೆ ಇದೆ. ಆ ವಾರ ನಾನು ಊರಲ್ಲೇ ಇದ್ದೆ. ನಿಮ್ಮ ಎದುರಿಗೆ ಗುರುತು ಹಾಕಿದ್ದು ನಾನು. ದಣಿ ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಸೈಕಲ್ ಅಂಗಡಿಯಲ್ಲಿ ಅವತ್ತು ಒಳಗೆ ಹೊಡೆಯುತ್ತಿರುವಾಗ ಹೊರಗೆ ಶಟರ್ ಹಿಡಿದು ನಿಂತಿದ್ದವನು ನಾನು, ಭಾವ ಕಂಡದ್ದು ನನ್ನನ್ನು. ನಿನಗೆ ಅದನ್ನು ಹೇಳಲಿಲ್ಲ ಅವರು. ನನ್ನನ್ನು ಅಂಗಡಿಗೆ ಕರೆದು, ಕೈಯಲ್ಲಿದ್ದ ವಾದ್ಯದಿಂದ ತಲೆ ಎತ್ತದೆ, "ಕೇಳಿದ್ರೆ ಕಂಡಿದ್ದನ್ನೇ ಹೇಳ್ತೀನಿ ಕಣೋ. ಅದಕ್ಕೆ ಮುಂಚೆ ನೀನೇ ಹೋಗಿ ಹೇಳೋದಾದ್ರೆ ನಿನ್ನ ಜೊತೆ ನಾನೂ ಬರ್ತೀನಿ" ಅಂದರು. ಜೊತೆಗೆ ಬರುತ್ತೇನೆ ಅಂದವರ ಎದುರಿಗೆ ಹಾಕಿದೆ. ದಣಿಗೆ ಗೊತ್ತಾಗುವ ಮುಂಚೆ ನಿಮ್ಮನ್ನು ಉಳಿಸೋಕೆ ಹಾಕಿದೆ ಅಂತ ಹದಿನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಜೈಲಿಗೆ ಹೆದರಿ ಹಾಕಿದೆ. ಟೈಲರಮ್ಮ ಇನ್ನೊಂದು ಮಾತು ಹೇಳಿದರು. ಆ ಬೆಳಿಗ್ಗೆ ಭಾವ ಗೋಡೆಯ ಹತ್ತಿರ ಹೋಗಿ, ಗೆರೆಯ ತುದಿ ಮುಟ್ಟಿ ನೋಡಿ, "ಎಡಗೈ" ಅಂದರಂತೆ. ಅಷ್ಟೇ. ಆಮೇಲೆ ಸಾಮಾನು ಕಟ್ಟಿದರಂತೆ, ಆಮೇಲೆ ಕ್ಲಾರಿನೆಟ್ಟು ತಂದಿಟ್ಟರಂತೆ. ನಿನಗೆ ಅವರು ಕೊನೆಯವರೆಗೂ ಹೇಳಲಿಲ್ಲ ಅನ್ನುವುದು ನನಗೆ ಗೊತ್ತು, ನೀನು ನನಗೆ ಕಾಗದ ಬರೆಯುತ್ತಲೇ ಇದ್ದೆಯಲ್ಲ. ಭಾನುವಾರ ಬಸ್ ಸ್ಟಾಂಡಿನಲ್ಲಿ ನಿಂತಿರುತ್ತೇನೆ. ನೀನು ಇಳಿಯದಿದ್ದರೆ ಯಾಕೆ ಅಂತ ಕೇಳುವುದಿಲ್ಲ. ಬರದಿದ್ದರೂ ಒಂದು ಕಾರ್ಡು ಹಾಕು. ಪ್ರೀತಿಯ ಅಂತ ಬರೆಯಬೇಡ, ಪುಟ್ಟ ಅಂತಲೂ ಬರೆಯಬೇಡ. ಯಾವ ಬೆರಳು, ಯಾವ ಕಡೆಗೆ ಸೊಟ್ಟ, ಅಷ್ಟು ಬರೆ.